ಡಬ್ಬಿಯಲ್ಲಿ ಸೆಂಟಾವೊ ಸಿಕ್ಕರೆ

ವಿಶಾಖಪಟ್ಟಣ ಬಂದರಿನ ಊರು. ಹಡಗಿನಲ್ಲಿ ದುಡಿದು ಬಂದವರ ಮನೆಯ ಚಿಲ್ಲರೆ ಡಬ್ಬಿಯಲ್ಲಿ ಬ್ರೆಜಿಲ್ಲಿನ ಸೆಂಟಾವೊ ನಾಣ್ಯ ಸಿಕ್ಕರೆ ಅಚ್ಚರಿಯಿಲ್ಲ. ಅಲ್ಲೂ ವಿಜಯವಾಡದಲ್ಲೂ ನೆಲೆಸಿರುವ ಕನ್ನಡಿಗರೇ, ಅಂಥವುಗಳಿಗೆ ದೊಡ್ಡ ಬೆಲೆ ಬರುವುದು ಅಪರೂಪ. ಲಕ್ಷಾಂತರ ಅಚ್ಚಾದ ನಾಣ್ಯಗಳವು.

ಆದರೆ ಕಾರವಾರ, ಬೆಳಗಾವಿ ಕಡೆಯ ಅಜ್ಜನ ಪೆಟ್ಟಿಗೆ ನಿಮ್ಮ ಬಳಿ ಇದ್ದರೆ ನಿಧಾನವಾಗಿ ನೋಡಿ. ಗೋವಾದಲ್ಲೂ ಸೆಂಟಾವೊ ಓಡಿತ್ತು! ಪೋರ್ಚುಗೀಸರು ರೂಪಿಯಾ ಬಿಟ್ಟು ಎಸ್ಕುಡೊ ತಂದಾಗ, 1958ರಿಂದ 10, 30, 60 ಸೆಂಟಾವೊ ಬಂದವು. ಈ 30, 60ರ ಲೆಕ್ಕ ವಿಚಿತ್ರವೆನಿಸುತ್ತದೆ. ಒಂದು ರೂಪಿಯಾಗೆ ಆರು ಎಸ್ಕುಡೊ, ಅಂದರೆ 600 ಸೆಂಟಾವೊ. ಹಾಗಾಗಿ 60 ಎಂದರೆ ಸರಿಯಾಗಿ ಅದರ ಹತ್ತನೇ ಒಂದು ಪಾಲು. 1961ರ ಡಿಸೆಂಬರ್ 19ಕ್ಕೆ ಗೋವಾ ವಿಮೋಚನೆಯಾಯಿತು, ಇವುಗಳ ಕಾಲವೂ ಮುಗಿಯಿತು. ಇಷ್ಟು ಚಿಕ್ಕ ಆಯುಸ್ಸಿನ ನಾಣ್ಯವೆಂದೇ ನನಗೆ ಇವುಗಳ ಮೇಲೆ ಮಮತೆ ಹೆಚ್ಚು.

10, 30ರದು ಕಂಚು. ದಯವಿಟ್ಟು ತಾಮ್ರದ ತಂಬಿಗೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಕಂದು ಹೊದಿಕೆ ಹೋದರೆ ಬೆಲೆಯೂ ಹೋಯಿತು. ಅಂಚು ಹಿಡಿದು ಎತ್ತಿ, ಬೆಳಕಿಗೆ ಓರೆಯಾಗಿಸಿ ಅಕ್ಷರದ ತುದಿಗಳನ್ನು ನೋಡಿ. ಸವೆಯದೆ ಚೂಪಾಗಿದ್ದರೆ ಸಂಗ್ರಾಹಕರು ಬಯಸುವುದು ಅದನ್ನೇ. ಅಗ್ಗದ ಪಿವಿಸಿ ಚೀಲ ಬೇಡ, ಅದು ಲೋಹಕ್ಕೆ ಹಸಿರು ಹಿಡಿಸುತ್ತದೆ.

ಇನ್ನೊಂದು. ಯಾರಾದರೂ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದರೆ ಫೋನ್ ಇಟ್ಟುಬಿಡಿ. ತಾನು ಅಂಥ ವ್ಯವಹಾರ ಮಾಡುವುದಿಲ್ಲವೆಂದು ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.