ಸ್ವಯಂಚಾಲಿತ ಗೇರ್‌ಬಾಕ್ಸ್‌ನ ಸೆನ್ಸರ್ ದೋಷ: ಬಿಡಿಭಾಗ ಬದಲಿಸುವ ಮುನ್ನ

2014ರಲ್ಲಿ ಮಾರುತಿ ಸುಝುಕಿ ಸಂಸ್ಥೆಯು ಸೆಲೆರಿಯೊ ಕಾರಿನೊಡನೆ ಎ.ಎಂ.ಟಿ. ಎಂಬ ಗೇರ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ಬಳಿಕ, ಅದುವರೆಗೆ ದುಬಾರಿ ವಾಹನಗಳಿಗೇ ಸೀಮಿತವೆನಿಸಿದ್ದ ಸ್ವಯಂಚಾಲಿತ ಗೇರು ಸಾಮಾನ್ಯ ವರ್ತಕನ ಕೈಗೂ ಎಟುಕಿತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ವಸೂಲಿಗೆಂದು ಊರೂರು ಸುತ್ತುವ, ಖರೀದಿಗೆಂದು ಆಗಾಗ ಬೆಳಗಾವಿಗೆ ಹೋಗಿಬರುವ ವ್ಯಾಪಾರಿಗೆ ಕ್ಲಚ್ ಪೆಡಲ್ ಇಲ್ಲದ ಕಾರು ಅನುಕೂಲಕರವೇ ಸರಿ. ಆದರೆ ಅದು ಕೆಟ್ಟು ನಿಂತಾಗ ಕೇಳಿಬರುವ “ಗೇರ್‌ಬಾಕ್ಸ್ ಹೋಗಿದೆ” ಎಂಬ ಒಂದೇ ಮಾತು ದೊಡ್ಡ ವೆಚ್ಚಕ್ಕೆ ದಾರಿಯಾಗುತ್ತದೆ. ನಿಜವಾದ ದೋಷವು ಎಷ್ಟೋ ಸಲ ಗೇರ್‌ಬಾಕ್ಸ್‌ನ ಹೊರಗೆ, ಒಂದು ತಂತಿಯ ತುದಿಯಲ್ಲಿ ಇರುತ್ತದೆ.

ಸ್ವಯಂಚಾಲಿತ ಗೇರ್‌ಬಾಕ್ಸ್‌ಗೆ ಒಂದು ನಿಯಂತ್ರಣ ಘಟಕವಿರುತ್ತದೆ. ಅದು ರಸ್ತೆಯನ್ನು ಕಾಣದು. ಸೆನ್ಸರುಗಳು ಹೇಳಿದ್ದನ್ನೇ ನಂಬುತ್ತದೆ. ಗೇರ್‌ಬಾಕ್ಸ್‌ನ ಒಳಬರುವ ಶಾಫ್ಟಿನ ವೇಗವನ್ನು ಒಂದು ಸೆನ್ಸರ್, ಹೊರಹೋಗುವ ಶಾಫ್ಟಿನ ವೇಗವನ್ನು ಇನ್ನೊಂದು ಅಳೆಯುತ್ತವೆ. ಒಳಗೆ ನಿಮಿಷಕ್ಕೆ 2000 ಸುತ್ತು, ಹೊರಗೆ 1000 ಸುತ್ತು ಎಂದಾದರೆ ಅನುಪಾತ ಎರಡಕ್ಕೆ ಒಂದು. ಹಾಕಿದ ಗೇರಿನ ಲೆಕ್ಕಕ್ಕೆ ಇದು ತಾಳೆಯಾಗಬೇಕು. ತಾಳೆಯಾಗದಿದ್ದರೆ ಒಳಗೆ ಏನೋ ಜಾರುತ್ತಿದೆ ಎಂದು ಘಟಕವು ತೀರ್ಮಾನಿಸುತ್ತದೆ. ಸಂಕೇತವೇ ಬಾರದಿದ್ದರೆ ಹಲವು ಕಾರುಗಳಲ್ಲಿ ಅದು ಒಂದೇ ಗೇರನ್ನು ಹಿಡಿದು ನಿಂತು, ವಾಹನವು ಹೇಗೋ ಗ್ಯಾರೇಜು ಸೇರುವಷ್ಟು ಮಾತ್ರ ಓಡಗೊಡುತ್ತದೆ. ಇದನ್ನೇ ಮೆಕ್ಯಾನಿಕರು ಲಿಂಪ್ ಮೋಡ್ ಎನ್ನುತ್ತಾರೆ. ಚಾಲಕನಿಗೆ ಇದು ಗೇರ್‌ಬಾಕ್ಸೇ ಮುರಿದಂತೆ ತೋರುವುದು ಸಹಜ.

ಪರೀಕ್ಷೆಯು ಆರಂಭವಾಗುವುದು ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಿಂದ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರುಗಳಲ್ಲಿ ಅನೇಕವು ಇಂಜಿನ್ನಿನ ಘಟಕವನ್ನು ಮಾತ್ರ ಓದುತ್ತವೆ. ಅವುಗಳಲ್ಲಿ ಪಿ 0700 ಎಂಬ ಕೋಡ್ ಕಂಡರೆ, ಗೇರ್‌ಬಾಕ್ಸ್ ಘಟಕದಲ್ಲಿ ಬೇರೆ ದೂರು ದಾಖಲಾಗಿದೆ ಎಂದಷ್ಟೇ ಅರ್ಥ. ಮೂಲ ದೂರನ್ನು ಗೇರ್‌ಬಾಕ್ಸ್ ಘಟಕವನ್ನೇ ಓದಬಲ್ಲ ಸ್ಕ್ಯಾನರಿನಿಂದ ತೆಗೆಯಬೇಕು. ಪಿ 0715 ಒಳಬರುವ ವೇಗದ ಸೆನ್ಸರಿಗೆ, ಪಿ 0720 ಹೊರಹೋಗುವ ವೇಗದ ಸೆನ್ಸರಿಗೆ, ಪಿ 0705 ಗೇರ್ ಲಿವರಿನ ಸ್ಥಾನ ತಿಳಿಸುವ ಸೆನ್ಸರಿಗೆ, ಪಿ 0710 ಗೇರ್ ಎಣ್ಣೆಯ ಉಷ್ಣತೆಯ ಸೆನ್ಸರಿಗೆ ಸಂಬಂಧಿಸಿದವು. ಈ ನಾಲ್ಕೂ ಕೋಡುಗಳು ದೂರುವುದು ಸರ್ಕಿಟ್ಟನ್ನು, ಅಂದರೆ ಸೆನ್ಸರ್, ತಂತಿ, ಕನೆಕ್ಟರ್, ಅರ್ಥಿಂಗ್ ಇವಿಷ್ಟನ್ನೂ ಒಟ್ಟಾಗಿ. ಕೋಡ್ ಕಂಡೊಡನೆ ಸೆನ್ಸರನ್ನೇ ಬದಲಿಸುವುದು, ಬಲ್ಬು ಉರಿಯದಿದ್ದಾಗ ಸ್ವಿಚ್ಚು, ಫ್ಯೂಸುಗಳನ್ನು ನೋಡದೆ ಬಲ್ಬುಗಳನ್ನೇ ಕೊಳ್ಳುತ್ತ ಹೋದಂತೆ.

ಎರಡನೆಯದಾಗಿ ಬ್ಯಾಟರಿ. ನಿಂತ ಕಾರಿನಲ್ಲಿ 12.4 ವೋಲ್ಟಿಗಿಂತ ಕಡಿಮೆಯಿದ್ದರೆ, ಇಂಜಿನ್ ಓಡುವಾಗಲೂ ಸಾಮಾನ್ಯವಾಗಿ ಕಾಣಬೇಕಾದ ಸುಮಾರು 14 ವೋಲ್ಟು ಬಾರದಿದ್ದರೆ, ಮೊದಲು ಅದನ್ನೇ ಸರಿಪಡಿಸತಕ್ಕದ್ದು. ಬಲಹೀನ ಬ್ಯಾಟರಿಯು ಸುಳ್ಳು ದೂರುಗಳನ್ನು ಹುಟ್ಟಿಸುತ್ತದೆ. ಅನಂತರ ಸ್ಕ್ಯಾನರಿನ ಲೈವ್ ಡಾಟಾ ನೋಡುತ್ತ ಕಾರನ್ನು ಓಡಿಸಬೇಕು. ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಹೊರಶಾಫ್ಟಿನ ವೇಗ ಸೊನ್ನೆ ಎಂದು ತೋರಿದರೆ ದೋಷ ವಿದ್ಯುತ್ತಿನದೇ. ಶಾಫ್ಟ್ ತಿರುಗದೆ ಕಾರು ಓಡದು.

ಇನ್ನು ಕನೆಕ್ಟರ್. ಈ ಭಾಗದಲ್ಲಿ ಹೆಚ್ಚು ಶ್ರದ್ಧೆ ಬೇಡುವುದು ಇದೇ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದುದು ಯಾರಿಗೂ ಮರೆತಿಲ್ಲ. ನೀರಿನಲ್ಲಿ ನಿಂತ ಕಾರು ಒಣಗಿದ ಮೇಲೆ ಓಡಿದರೂ, ಕನೆಕ್ಟರಿನೊಳಗೆ ಉಳಿದ ತೇವವು ತಾಮ್ರವನ್ನು ತಿಂಗಳುಗಟ್ಟಲೆ ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಹಳೆಯ ಕಾರು ಕೊಳ್ಳುವವರು ನೆರೆಯ ವರ್ಷಗಳ ಇತಿಹಾಸವನ್ನು ಕೇಳುವುದು ಇದಕ್ಕಾಗಿಯೇ ಒಳಿತು. ಕಬ್ಬಿನ ಹೊಲಗಳ ಪಕ್ಕ, ಬೆಲ್ಲದ ಗೋದಾಮಿನ ಬಳಿ ನಿಲ್ಲುವ ವಾಹನಗಳಿಗೆ ಇಲಿಯ ಕಾಟ ಬೇರೆ. ಇಲಿ ಕಡಿದ ತಂತಿಯು ಹೊರಗಿನ ಟೇಪಿನಡಿ ಅಡಗಿ, ಕಾರು ಕುಲುಕಿದಾಗ ಮಾತ್ರ ಸಂಪರ್ಕ ಕಳೆದುಕೊಳ್ಳುತ್ತದೆ. ಲೈವ್ ಡಾಟಾ ನೋಡುತ್ತಲೇ ತಂತಿಗಳ ಕಟ್ಟನ್ನು ಅಲುಗಾಡಿಸಿದರೆ, ಎಲ್ಲಿ ಅಲುಗಿಸಿದಾಗ ಅಂಕಿ ಜಿಗಿಯುವುದೋ ಅಲ್ಲಿಯೇ ದೋಷ. ಸೂಜಿಯಿಂದ ತಂತಿಯ ಹೊದಿಕೆಯನ್ನು ಚುಚ್ಚಿ ಪರೀಕ್ಷಿಸುವ ರೂಢಿಯನ್ನು ಬಿಡಬೇಕು. ಆ ತೂತಿನಿಂದಲೇ ಮುಂದಿನ ಮಳೆಗಾಲದ ತುಕ್ಕು ಆರಂಭವಾಗುತ್ತದೆ.

ಕನೆಕ್ಟರ್ ಸ್ವಚ್ಛವಾಗಿದ್ದರೆ ಮಲ್ಟಿಮೀಟರ್ ಹಿಡಿಯಬೇಕು. ವೇಗದ ಸೆನ್ಸರಿಗೆ ಎರಡು ತಂತಿಗಳಿದ್ದು ಒಳಗೆ ಬರೀ ಸುರುಳಿಯಿದ್ದರೆ, ಕನೆಕ್ಟರ್ ಬಿಚ್ಚಿ ಓಮ್ ಅಳೆದು ತಯಾರಕರ ಪುಸ್ತಕದ ಅಂಕಿಯೊಡನೆ ಹೋಲಿಸಬಹುದು. ಮೂರು ತಂತಿಗಳ ಹಾಲ್ ಸೆನ್ಸರಿಗೆ ಓಮ್ ಪರೀಕ್ಷೆ ಸಲ್ಲದು. ಅದಕ್ಕೆ ವಿದ್ಯುತ್ ಪೂರೈಕೆ ಬರುತ್ತಿದೆಯೇ, ಅರ್ಥಿಂಗಿನಲ್ಲಿ 0.1 ವೋಲ್ಟಿಗಿಂತ ಹೆಚ್ಚು ನಷ್ಟವಿದೆಯೇ, ಚಕ್ರ ತಿರುಗಿಸಿದಾಗ ಸಂಕೇತ ಏರಿಳಿಯುತ್ತದೆಯೇ ಎಂಬುದನ್ನು ನೋಡಬೇಕು. ಇದು ಸಣ್ಣ ಕೈಗಾರಿಕೆಯವರಿಗೆ ಹೊಸತೇನಲ್ಲ. ಬೆಳಗಾವಿಯ ಉದ್ಯಮಬಾಗದ ಸಿ.ಎನ್.ಸಿ. ಯಂತ್ರದಲ್ಲಿ ಪ್ರಾಕ್ಸಿಮಿಟಿ ಸ್ವಿಚ್ಚು ಕೈಕೊಟ್ಟಾಗ ಫಿಟ್ಟರ್ ಮಾಡುವುದೂ ಇದನ್ನೇ. ಸೆನ್ಸರನ್ನು ಬಿಚ್ಚಿದಾಗ ಅದರ ತುದಿಗೆ ಕಬ್ಬಿಣದ ಸಣ್ಣ ಪುಡಿ ಅಂಟಿದ್ದರೆ ಒರೆಸಿ ಮತ್ತೆ ನೋಡಬಹುದು. ಆದರೆ ಪುಡಿ ವಿಪರೀತವಿದ್ದರೆ, ಅಥವಾ ಎರಡೂ ಸೆನ್ಸರುಗಳ ಸಂಕೇತ ಸರಿಯಿದ್ದೂ ಅನುಪಾತ ತಪ್ಪಿ ಪಿ 0731ರಿಂದ 0735ರವರೆಗಿನ ಕೋಡುಗಳು ಬಂದರೆ, ಗೇರ್‌ಬಾಕ್ಸ್‌ನ ಒಳಭಾಗವನ್ನು ಶಂಕಿಸುವುದು ನ್ಯಾಯ.

ಎ.ಎಂ.ಟಿ. ಕಾರಿನಲ್ಲಿ ಇನ್ನೊಂದು ಅಗ್ಗದ ಅಪರಾಧಿ ಇದೆ: ಬ್ರೇಕ್ ಪೆಡಲಿನ ಸ್ವಿಚ್ಚು. ಬ್ರೇಕ್ ಒತ್ತಿದ ಸಂಕೇತ ಸಿಗದಿದ್ದರೆ ನಿಂತ ಕಾರು ಗೇರಿಗೆ ಬೀಳದು. ಹಿಂದಿನ ಬ್ರೇಕ್ ದೀಪ ಉರಿಯುತ್ತದೆಯೇ ಎಂದು ಒಬ್ಬರು ನೋಡಿದರೆ ಬಹುಪಾಲು ಉತ್ತರ ಸಿಕ್ಕಂತೆ.

ಗ್ಯಾರೇಜಿಗೆ ಒಪ್ಪಿಗೆ ಕೊಡುವ ಮುನ್ನ ಕೋಡ್ ಸಂಖ್ಯೆ, ಅಳೆದ ವೋಲ್ಟು ಮತ್ತು ಓಮ್‌ಗಳನ್ನು ಅಂದಾಜುಪಟ್ಟಿಯ ಮೇಲೆಯೇ ಬರೆಸಿಕೊಳ್ಳುವುದು, ತೆಗೆದ ಹಳೆಯ ಭಾಗವನ್ನು ಮರಳಿ ಕೇಳುವುದು ಗಿರಾಕಿಯ ಹಕ್ಕು. ಅಳತೆಯೇ ಇಲ್ಲದ ಅಂದಾಜುಪಟ್ಟಿಗೆ ಸಹಿ ಹಾಕಬೇಕಾಗಿಲ್ಲ. ದುರಸ್ತಿಯ ಬಳಿಕ ಕೋಡ್ ಅಳಿಸಿ, ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಕಾರನ್ನು ಒಪ್ಪಿಸಿಕೊಂಡರೆ ಸಾಲದು. ಕೆಲವು ಸೆನ್ಸರುಗಳು ತಂಪಿದ್ದಾಗ ಸರಿಯಾಗಿದ್ದು, ಗೇರ್ ಎಣ್ಣೆ ಕಾದ ಮೇಲೆಯೇ ಕೈಕೊಡುತ್ತವೆ. ಹುಕ್ಕೇರಿಯ ಕಾರಾದರೆ ಸಂಕೇಶ್ವರಕ್ಕೆ ಹೋಗಿ, ರಾಷ್ಟ್ರೀಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಹಿಂದಿರುಗಿದೊಡನೆ, ಇಂಜಿನ್ ಆರಿಸದೆಯೇ, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದ ಮೇಲೆ ಹಣ ಪಾವತಿಸಬೇಕು.