ರೋಗಿಯ ನಂಬಿಕೆಯ ಮಾತು: ವೈದ್ಯರು ಕೇಳುವ ಬಗೆ

ರೋಗಿಯ ನಂಬಿಕೆ ಚಿಕಿತ್ಸೆಗೆ ಹೊರಗಿನ ವಿಚಾರವಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ಸಾವಿನಂಚಿನ ನೋವಿನಲ್ಲಿ ಆತ್ಮದ ಸಂಕಟವೂ ಬೆರೆತಿರುತ್ತದೆ ಎಂದು ಒತ್ತಿ ಹೇಳಿದರು. 1996ರಲ್ಲಿ ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿ ನಾಲ್ಕು ಸಂಗತಿ ಕೇಳುತ್ತದೆ: ನಂಬಿಕೆ ಯಾವುದು, ಬದುಕಿನಲ್ಲಿ ಅದರ ತೂಕವೆಷ್ಟು, ಬೆನ್ನಿಗೆ ನಿಲ್ಲುವ ಸಮುದಾಯ ಯಾವುದು, ಚಿಕಿತ್ಸೆಯಲ್ಲಿ ಅದನ್ನು ಹೇಗೆ ಗಮನಿಸಬೇಕು.

ಇದನ್ನು ಹಾಗೇ ಕನ್ನಡಕ್ಕೆ ತಿರುಗಿಸಿ ಕೇಳಿದರೆ ಕೆಡುತ್ತದೆ. ‘ನಿಮ್ಮ ಮನೆದೇವರು ಯಾರು, ಯಾವ ಮಠ?’ ಎಂದರೆ ನಮ್ಮಲ್ಲಿ ಜಾತಿ ಕೇಳಿದಂತೆ. ‘ಕಷ್ಟ ಬಂದಾಗ ಧೈರ್ಯ ಎಲ್ಲಿಂದ ತಂದ್ಕೊಳ್ತೀರಿ?’ ಎಂದು ಶುರುಮಾಡುವುದು ಮೇಲು. ದೇವರನ್ನು ನಂಬದವರೂ ಇದಕ್ಕೆ ಮುಜುಗರವಿಲ್ಲದೆ ಉತ್ತರಿಸಬಲ್ಲರು.

ಮುಂದಿನದು ವ್ರತ, ಉಪವಾಸ, ಹರಕೆ. ಇನ್ಸುಲಿನ್ ತೆಗೆದುಕೊಳ್ಳುವವರು ಏಕಾದಶಿಯಂದು ಎಂದಿನ ಡೋಸ್ ಹಾಕಿಕೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ರಂಜಾನ್ ಉಪವಾಸ ಮಾಡುವವರ ಔಷಧಿಯ ವೇಳೆ, ಪ್ರಮಾಣಗಳನ್ನು ತಿಂಗಳು ಆರಂಭವಾಗುವ ಮೊದಲೇ ಗೊತ್ತುಮಾಡಬೇಕು. ಬೈದರೆ ರೋಗಿ ಉಪವಾಸ ಬಿಡುವುದಿಲ್ಲ, ವೈದ್ಯರಿಗೆ ಹೇಳುವುದನ್ನು ಬಿಡುತ್ತಾರೆ.

ಹೆಚ್ಚಿನವರು ಎಡವುವುದು ತಮ್ಮದೇ ಭಕ್ತಿಯ ಮಾತಿನಲ್ಲಿ. ‘ಇನ್ನು ದೇವರ ಮೇಲೆ ಭಾರ ಹಾಕಿ’ ಎಂದು ವೈದ್ಯರು ಸಮಾಧಾನಕ್ಕೇ ಹೇಳಿರುತ್ತಾರೆ. ವಾರ್ಡಿನ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತ ಮಗಳಿಗೆ ಅದು ‘ಕೈಬಿಟ್ಟಿದ್ದೇವೆ’ ಎಂದು ಕೇಳುತ್ತದೆ. ಆ ಗಳಿಗೆಯಲ್ಲೇ ಅವಳು ಊರಿಗೆ ಫೋನ್ ಮಾಡುತ್ತಾಳೆ. ಆದ್ದರಿಂದ ಮೊದಲು ಕಾಯಿಲೆಯ ಸ್ಥಿತಿ, ನಾಳೆ ಮಾಡುವ ಚಿಕಿತ್ಸೆ, ನೋವಿಗೆ ಕೊಡುವ ಔಷಧಿ ಇಷ್ಟನ್ನೂ ಬಿಡಿಸಿ ಹೇಳಬೇಕು. ಅವರಾಗಿ ದೇವರ ಮಾತೆತ್ತಿದರೆ ಕೇಳಿಸಿಕೊಳ್ಳಬೇಕು. ‘ಕರ್ಮಫಲ’ ಎಂಬ ಮಾತಂತೂ ವೈದ್ಯರ ಬಾಯಲ್ಲಿ ಯಾವತ್ತೂ ಬರಕೂಡದು. ಹಾಸಿಗೆ ಹಿಡಿದವರಿಗೆ ಅದು ಶಿಕ್ಷೆಯ ತೀರ್ಪು.

ವೈದ್ಯರು ತಮ್ಮ ನಂಬಿಕೆಯನ್ನು ಹೇಳಲೇಬಾರದೆಂದಲ್ಲ. ರೋಗಿಯೇ ನೇರವಾಗಿ ಕೇಳಿದರೆ ಅಥವಾ ಅಂಥ ಮಾತು ತಮಗೆ ಬೇಕೆಂದು ಸೂಚಿಸಿದರೆ ಹೇಳಬಹುದು ಎನ್ನುತ್ತದೆ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ 2013ರ ಮಾರ್ಗಸೂಚಿ. ಉತ್ತರ ಒಂದೆರಡು ವಾಕ್ಯದಲ್ಲಿ ಮುಗಿಯಲಿ. ಪ್ರಾರ್ಥನೆಗೆ ಕರೆದರೆ ಮೌನವಾಗಿ ಪಕ್ಕದಲ್ಲಿ ನಿಂತರೂ ಸಾಕು.

ಉಳಿದಂತೆ: ಶಸ್ತ್ರಚಿಕಿತ್ಸೆಗೆ ಮುನ್ನ ಕೈಯ ದಾರ, ತಾಯಿತಗಳನ್ನು ಕೇಳಿಯೇ ತೆಗೆದು ಮನೆಯವರ ಕೈಗೆ ಕೊಡಬೇಕು; ರಕ್ತ ಬೇಡವೆನ್ನುವ ಯೆಹೋವನ ಸಾಕ್ಷಿಗಳ ತೀರ್ಮಾನವನ್ನು ಮೊದಲೇ ಬರೆಸಿಕೊಳ್ಳಬೇಕು; ಗುರುಗಳನ್ನೋ ಪಾದ್ರಿಯನ್ನೋ ಕರೆಸುವುದಿದ್ದರೆ ರೋಗಿಯ ಒಪ್ಪಿಗೆ ಪಡೆದು ಕೇಸ್‌ಶೀಟಿನಲ್ಲಿ ನಮೂದಿಸಬೇಕು.