ಅಡಾಸ್ ಆಫ್ ಮಾಡಿದ ಡ್ರೈವರ್: ಅಪಾಯ ಅಳೆಯಲು ಆರು ಸೂತ್ರಗಳು

ತಾನಾಗಿ ಬ್ರೇಕ್ ಹಾಕುವ, ಗೆರೆ ದಾಟಿದರೆ ಸ್ಟೇರಿಂಗ್ ತಿದ್ದುವ ಅಡಾಸ್ (ಚಾಲಕ ನೆರವು ವ್ಯವಸ್ಥೆ) ಇರುವ ಕಾರುಗಳು ಈಗ ನಮ್ಮೂರಿನ ಟ್ರಾವೆಲ್ಸ್‌ಗಳ ಅಂಗಳಕ್ಕೂ ಬಂದಿವೆ. ಕೀ ಕೈಗೆ ಸಿಕ್ಕ ಐದೇ ನಿಮಿಷದಲ್ಲಿ ಈ ನೆರವುಗಳನ್ನೆಲ್ಲ ಆಫ್ ಮಾಡುವ ಡ್ರೈವರ್‌ಗಳೂ ಇದ್ದಾರೆ. ಆಫ್ ಮಾಡಿದವರೆಲ್ಲ ಪುಂಡರಲ್ಲ, ಆನ್ ಇಟ್ಟುಕೊಂಡವರೆಲ್ಲ ನಂಬಿಕಸ್ಥರೂ ಅಲ್ಲ. ಎರಡೋ ನಾಲ್ಕೋ ಗಾಡಿ ಇಟ್ಟುಕೊಂಡು ಊರ ಜನರನ್ನು ಹತ್ತಿಸಿಕೊಳ್ಳುವ ಮಾಲೀಕರು ಈ ವ್ಯತ್ಯಾಸ ಕಂಡುಕೊಳ್ಳುವುದನ್ನು ಕಲಿಯಲೇಬೇಕು.

1. ಯಾವ ಗುಂಡಿ ಒತ್ತಿದ್ದಾನೆ, ಅದನ್ನು ನೋಡಿ

ಎಲ್ಲ ಗುಂಡಿಗಳ ತೂಕ ಒಂದೇ ಅಲ್ಲ. ಗೆರೆಯೇ ಅಳಿಸಿಹೋದ ಪೇಟೆ ರಸ್ತೆಯಲ್ಲಿ ಲೇನ್ ನೆರವು ಆಫ್ ಮಾಡಿದರೆ ಅದು ದೊಡ್ಡ ತಪ್ಪಲ್ಲ. ಹೆದ್ದಾರಿಯಲ್ಲಿ ತುರ್ತು ಬ್ರೇಕ್ ಆಫ್ ಮಾಡಿದರೆ ತಪ್ಪು. ಆ ಬ್ರೇಕ್ ಇರುವ ಕಾರುಗಳು ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವುದು ಸುಮಾರು ಅರ್ಧಕ್ಕಿಳಿಯುತ್ತದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆ ಲೆಕ್ಕ ಹಾಕಿದೆ.

ಗಾಡಿ ಅಡ್ಡ ಜಾರದಂತೆ ಹಿಡಿಯುವ ಇಎಸ್‌ಸಿಯ ವಿಷಯ ಬೇರೆ. ಚಕ್ರ ಕೆಸರಿನಲ್ಲಿ ಹೂತಾಗ ಅದನ್ನು ಆಫ್ ಮಾಡಿ ಹೊರಬರುವವನು ಕೆಲಸ ಬಲ್ಲವನು. ಡಾಂಬರಿಗೆ ಬಂದ ಮೇಲೂ ಹಾಗೆಯೇ ಬಿಟ್ಟವನಿಗೆ ಅದರ ಬೆಲೆ ಗೊತ್ತಿಲ್ಲ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಅಡ್ಡಬಂದ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆ ನಡೆಸಿದಾಗ ಮರ್ಸಿಡಿಸ್ ಎ-ಕ್ಲಾಸ್ ಪಲ್ಟಿ ಹೊಡೆಯಿತು. ಆಮೇಲೆ ಕಂಪನಿ ಆ ಪುಟ್ಟ ಕಾರಿನ ಎಲ್ಲ ಮಾದರಿಗಳಿಗೂ ಈ ವ್ಯವಸ್ಥೆಯನ್ನು ಅಳವಡಿಸಿತು. ನಮ್ಮಲ್ಲಿ ಅಡ್ಡ ಬರುವುದು ಎಮ್ಮೆ, ಅಷ್ಟೇ ವ್ಯತ್ಯಾಸ.

ಸೀಟ್ ಬೆಲ್ಟ್ ಸದ್ದು ನಿಲ್ಲಿಸಲು ಬಕಲ್‌ಗೆ ಖಾಲಿ ಕ್ಲಿಪ್ ಸಿಕ್ಕಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಕ್ಷಮಿಸಬೇಡಿ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ನೀಡಿದ ಮೇಲೆ ಇಂಥ ಕ್ಲಿಪ್‌ಗಳ 13,118 ಜಾಹೀರಾತುಗಳು ತೆರವಾದವು. ಅಷ್ಟು ಗಿರಾಕಿಗಳು ಇದ್ದರೆಂದೇ ಅಷ್ಟು ಸರಕು ಇತ್ತು. ಕ್ಲಿಪ್ ಸಿಕ್ಕಿದ ದಿನ ಕೀ ವಾಪಸ್ ಪಡೆಯಿರಿ.

2. "ಯಾಕಪ್ಪ ಆಫ್ ಮಾಡಿದೆ?" ಎಂದು ಸಮಾಧಾನದಿಂದ ಕೇಳಿ

"ಸುಮ್ನೆ ಕಿರಿಕಿರಿ ಸಾರ್" ಎಂಬುದು ಒಂದು ಉತ್ತರ. "ಸಿಲ್ಕ್ ಬೋರ್ಡ್ ಹತ್ರ ಬೈಕ್ ನುಗ್ಗಿದ್ರೆ ಗಾಡಿ ತಾನೇ ಗಕ್ಕನೆ ನಿಲ್ಲುತ್ತೆ, ಹಿಂದಿನವನು ಬಂದು ಗುದ್ದುತ್ತಾನೆ" ಎಂಬುದು ಇನ್ನೊಂದು. ಎರಡನೆಯವನ ಕಣ್ಣು ಹಿಂದಿನ ಕನ್ನಡಿಯ ಮೇಲೂ ಇದೆ. ಅವನಿಗೆ ಬೈಗುಳ ಬೇಡ. ಎಚ್ಚರಿಕೆಯ ದೂರವನ್ನು ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡುವುದನ್ನು ಕೂತು ತೋರಿಸಿ. ಬಹಳ ಕಾರುಗಳಲ್ಲಿ ಆ ಅವಕಾಶ ಇದೆ.

3. ಪಕ್ಕದ ಸೀಟಿನಲ್ಲಿ ಕೂತು ಸೆಕೆಂಡು ಎಣಿಸಿ

ಬೆಂಗಳೂರು-ಮೈಸೂರು ಹೆದ್ದಾರಿ ಇದಕ್ಕೆ ಒಳ್ಳೆಯ ಜಾಗ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ವೇಗದ ಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಡ್ರೈವರ್ ಕಂಡು ಕಾಲೆತ್ತಿ ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಹೋದರೆ 42 ಮೀಟರ್ ಕಳೆಯಿತು. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ ಐವತ್ತು ಮೀಟರಿನಷ್ಟು ಬೇಕಾಗಬಹುದು.

ಮುಂದಿನ ಕಾರು ಒಂದು ಕಂಬ ದಾಟಿದಾಗ ಎಣಿಕೆ ಶುರು ಮಾಡಿ. ನಿಮ್ಮ ಗಾಡಿ ಆ ಕಂಬ ಮುಟ್ಟಲು ಮೂರು ಸೆಕೆಂಡು ಬೇಕು. ಒಂದೇ ಸೆಕೆಂಡಿಗೆ ಮುಟ್ಟಿದರೆ ಈ ಡ್ರೈವರ್ ಯಂತ್ರದ ಕರುಣೆಯಲ್ಲಿ ಬದುಕಿದ್ದಾನೆ ಎಂದೇ ಅರ್ಥ. ಪರೀಕ್ಷೆಗಾಗಿ ತುರ್ತು ಬ್ರೇಕನ್ನು ಮಾತ್ರ ಎಂದೂ ಆಫ್ ಮಾಡಬೇಡಿ. ಲೇನ್ ನೆರವು, ತಾನಾಗಿ ಅಂತರ ಕಾಯುವ ಕ್ರೂಸ್ ಎರಡನ್ನೇ ಆಫ್ ಮಾಡಿದರೆ ಸಾಕು, ಕೈಯ ಅಭ್ಯಾಸ ಹೊರಬೀಳುತ್ತದೆ.

4. ಆನ್ ಇದ್ದಾಗಲೂ ಅಳೆಯಿರಿ

ಇದನ್ನು ಬಹಳ ಜನ ಮರೆಯುತ್ತಾರೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ಇರುವ ಟ್ಯಾಕ್ಸಿಗಳನ್ನೂ ಇಲ್ಲದ ಟ್ಯಾಕ್ಸಿಗಳನ್ನೂ ಹೋಲಿಸಿ ನೋಡಿದರು. ಹೊಸ ಬ್ರೇಕಿನ ಟ್ಯಾಕ್ಸಿಗಳಲ್ಲಿ ಅಪಘಾತ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಬ್ರೇಕ್ ಚೆನ್ನಾಗಿದೆ ಎಂಬ ಧೈರ್ಯಕ್ಕೆ ಆ ಡ್ರೈವರ್‌ಗಳು ಮುಂದಿನ ಗಾಡಿಗೆ ಇನ್ನಷ್ಟು ಅಂಟಿಕೊಂಡು ಹೋಗುತ್ತಿದ್ದರು, ತಿರುವನ್ನು ಬಿರುಸಾಗಿ ತೆಗೆಯುತ್ತಿದ್ದರು.

ವರ್ಷಗಟ್ಟಲೆ ಅಡಾಸ್ ಗಾಡಿ ಓಡಿಸಿದವನಿಗೆ ಒಂದು ದಿನ ಹಳೆಯ ಗಾಡಿ ಕೊಟ್ಟು ನೋಡಿ. ಇಂಡಿಕೇಟರ್ ಹಾಕುವ ಮೊದಲು ಕತ್ತು ತಿರುಗಿಸುತ್ತಾನೋ, ಪಕ್ಕದ ಗಾಡಿಯ ಸುಳಿವು ಕೊಡುವ ಕನ್ನಡಿಯ ದೀಪ ಮಿನುಗಲಿ ಎಂದು ಕಾಯುತ್ತಾನೋ? ನನ್ನ ಮಟ್ಟಿಗೆ, ತಿಳಿದು ಆಫ್ ಮಾಡಿದವನಿಗಿಂತ, ಆಫ್ ಆಗಿದೆ ಎಂಬುದೇ ತಿಳಿಯದವನು ಹೆಚ್ಚು ಅಪಾಯದವನು.

5. ತಾನಾಗಿ ಆಫ್ ಆಗುವ ಗಳಿಗೆಯನ್ನು ಕಾದು ನೋಡಿ

ಚಾರ್ಮಾಡಿಯ ಮಂಜು, ಶಿರಾಡಿಯ ಜಡಿಮಳೆ, ಗಾಜಿಗೆ ಎರಚಿದ ಕೆಸರು. ಯಾರೂ ಗುಂಡಿ ಮುಟ್ಟದಿದ್ದರೂ ಕ್ಯಾಮೆರಾ ಕುರುಡಾಗುತ್ತದೆ. ಕನ್ನಡಿಯ ಹಿಂದಿನ ಆ ಕಣ್ಣಿಗೆ ಅಡ್ಡವಾಗಿ ಹೂಮಾಲೆ ತೂಗಿದರೂ ಸ್ಟಿಕ್ಕರ್ ಅಂಟಿಸಿದರೂ ಅದೇ ಗತಿ. ಪೂಜೆಯ ಹೂವು ಡ್ಯಾಶ್‌ಬೋರ್ಡ್ ಮೇಲಿರಲಿ, ಕ್ಯಾಮೆರಾದ ಮುಂದೆ ಬೇಡ. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಿ ಕೊಡಿರೆಂದು ಗ್ಯಾರೇಜಿನವರಲ್ಲಿ ಹಟ ಹಿಡಿಯಿರಿ.

ಘಾಟಿಯಲ್ಲಿ ಹಳದಿ ದೀಪ ಹೊತ್ತಿಕೊಂಡಾಗ ಡ್ರೈವರ್ ಏನು ಮಾಡುತ್ತಾನೆ ನೋಡಿ. ವೇಗ ಇಳಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ ಗಾಜು ಒರೆಸಿದರೆ ಅವನ ಹೆಸರಿನ ಮುಂದೆ ಒಳ್ಳೆಯ ಅಂಕ ಬರೆದುಕೊಳ್ಳಿ.

6. ನಿಮ್ಮ ಫೋನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

"ಎಲ್ಲಿದ್ದೀಯೋ, ಪಾರ್ಟಿ ಕಾಯ್ತಿದ್ದಾರೆ" ಎಂದು ಮಾಲೀಕರೇ ಹತ್ತು ನಿಮಿಷಕ್ಕೊಮ್ಮೆ ಕರೆದರೆ ಅಂತರ ಬಿಡುವ ಡ್ರೈವರ್ ಕೂಡ ಅಂತರ ಮರೆಯುತ್ತಾನೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ರಾತ್ರಿ ಧರ್ಮಸ್ಥಳದಿಂದ ಬಂದವನನ್ನು ಬೆಳಿಗ್ಗೆ ಆರಕ್ಕೆ ಏರ್‌ಪೋರ್ಟ್‌ಗೆ ಕಳಿಸುವವರು ಅಡಾಸ್ ಬಗ್ಗೆ ಮಾತಾಡುವ ಮೊದಲು ಅವನ ನಿದ್ದೆಯ ಬಗ್ಗೆ ಕೇಳಲಿ.

ಗಾಡಿಗೊಂದು ನೋಟ್‌ಬುಕ್ ಇಡಿ. ಏನು ಆಫ್ ಮಾಡಿದೆ, ಎಲ್ಲಿ, ಯಾಕೆ, ಮತ್ತೆ ಯಾವಾಗ ಆನ್ ಮಾಡಿದೆ, ತುರ್ತು ಬ್ರೇಕ್ ತಾನಾಗಿ ಎಷ್ಟು ಸಲ ಬಿತ್ತು: ಟ್ರಿಪ್ಪಿಗೊಂದು ಸಾಲು ಸಾಕು. ಇದ್ದದ್ದು ಇದ್ದ ಹಾಗೆ ಬರೆದವನಿಗೆ ದಂಡ ಹಾಕಬೇಡಿ, ಹಾಕಿದರೆ ಮರುದಿನದಿಂದ ಪುಟಗಳು ಖಾಲಿ ಉಳಿಯುತ್ತವೆ. ತಿಂಗಳಿಗೊಮ್ಮೆ ಎಲ್ಲರೂ ಟೀ ಕುಡಿಯುತ್ತ ಆ ನೋಟ್‌ಬುಕ್ ಓದಿ. ಒಂದೇ ತಿರುವಿನಲ್ಲಿ ಮೂವರ ಗಾಡಿಗೂ ಬ್ರೇಕ್ ಬಿದ್ದಿದ್ದರೆ ತಪ್ಪು ಬಹುಶಃ ಆ ತಿರುವಿನದು. ಒಬ್ಬನ ಗಾಡಿಗೆ ಮಾತ್ರ ಎಲ್ಲ ಕಡೆ ಬಿದ್ದಿದ್ದರೆ ಮರುದಿನ ಬೆಳಿಗ್ಗೆ ಅವನ ಪಕ್ಕದ ಸೀಟಿನಲ್ಲಿ ನೀವೇ ಹೋಗಿ ಕೂತುಕೊಳ್ಳಿ.